ಭಾನುವಾರದ ಹುಡುಗಿ, ಸೋಮವಾರದ ಹುಡುಗಿ

ಪ್ರಶ್ನೆ: ನನಗೆ 16 ವರ್ಷ. ಊರು ಉಡುಪಿ ಕಡೆ, ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಠಾಣೆ ನಗರದ ಜೂನಿಯರ್ ಕಾಲೇಜಿನಲ್ಲಿ 11ನೇ ಸೈನ್ಸ್ ಓದುತ್ತಿದ್ದೇನೆ. ಭಾನುವಾರ ಕನ್ನಡ ಆರಾಧನೆಗೆ ಹೋಗುತ್ತೇನೆ, ಗಾಯನ ಮಂಡಳಿಯಲ್ಲಿ ಹಾಡುತ್ತೇನೆ. ಸೋಮವಾರದಿಂದ ಬೇರೆಯೇ ಹುಡುಗಿ. ಕ್ಲಾಸಿಗೆ ಬಾರದ ಗೆಳತಿಯರ ಹಾಜರಿ ನಾನೇ ಕೂಗಿ ಪ್ರಾಕ್ಸಿ ಹಾಕುತ್ತೇನೆ, ಲ್ಯಾಬ್ ಜರ್ನಲ್‌ಗೆ ಬೇರೆಯವರ ರೀಡಿಂಗ್ ಇಳಿಸಿಕೊಳ್ಳುತ್ತೇನೆ. ಟೆಸ್ಟ್ ಸೀರೀಸ್ ಫೀ ಎಂದು ಅಮ್ಮನಿಂದ 300 ರೂಪಾಯಿ ಹೆಚ್ಚು ತೆಗೆದುಕೊಂಡು ಕೆಫೆಯಲ್ಲಿ ಖರ್ಚು ಮಾಡಿದೆ. ಮನೆಯಲ್ಲಿ ಮಾತಾಡಿಸಿದರೆ ಸಿಡುಕುತ್ತೇನೆ. ಈಗ ಕೋಚಿಂಗ್ ಕ್ಲಾಸಿನವರು ಭಾನುವಾರ ಬೆಳಿಗ್ಗೆಯೇ ಟೆಸ್ಟ್ ಇಡುತ್ತಿದ್ದಾರೆ. ಒಮ್ಮೆ ಪ್ರಾಕ್ಸಿ ಬೇಡ ಅಂದಿದ್ದಕ್ಕೆ ಗೆಳತಿಯರು ‘ದೊಡ್ಡ ಸಂತಳು ಬಂದಳು’ ಎಂದು ನಕ್ಕರು. ಕ್ರೈಸ್ತಳಾಗಿ ಬಾಳುವುದು ಅಂದರೆ ದಿನಾ ನಿಜವಾಗಿ ಏನು ಮಾಡಬೇಕು?

ಉತ್ತರ: ಮಗಳೇ, ಬರೆದದ್ದೆಲ್ಲವನ್ನೂ ಬರುವ ಸೋಮವಾರವೇ ಸರಿಮಾಡಿಬಿಡುತ್ತೇನೆ ಎಂದು ಹೊರಡಬೇಡ. ಹಾಗೆ ಹೊರಟವರಿಗೆ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಹತ್ತು ದಿನ ಚೆನ್ನಾಗಿ ನಡೆದರೆ ‘ನಾನು ಅವರ ಹಾಗಲ್ಲ’ ಎಂಬ ಹಮ್ಮು ಬರುತ್ತದೆ. ಮೂರನೇ ದಿನ ಎಡವಿದರೆ ‘ಇದು ನನ್ನ ಕೈಲಾಗದು’ ಎಂದು ಎಲ್ಲವನ್ನೂ ಕೈಬಿಡುತ್ತಾರೆ. ಒಳ್ಳೆಯ ನಡತೆಯನ್ನು ದೇವರಿಗೆ ಕಟ್ಟುವ ಫೀ ಎಂದು ತಿಳಿದುಕೊಂಡಾಗ ಈ ಎರಡೂ ಹುಟ್ಟುತ್ತವೆ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ 8, 9, 10ನೇ ವಚನಗಳನ್ನು ಬಿಡಿಸದೆ ಒಟ್ಟಿಗೆ ಓದು. ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ ಎಂಬುದು ಮೊದಲು ಬರುತ್ತದೆ. ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಾವು ಉಂಟುಮಾಡಲ್ಪಟ್ಟವರು ಎಂಬುದು ಆಮೇಲೆ. ಈ ಕ್ರಮ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಬಿದ್ದಾಗ ಎದ್ದು ಬರಲು ಜಾಗವಿರುತ್ತದೆ.

ಹಾಗಾದರೆ ಎಲ್ಲಿಂದ ಶುರು? ಆ 300 ರೂಪಾಯಿಯಿಂದ. ಪ್ರಾಕ್ಸಿ, ಜರ್ನಲ್ ಎಲ್ಲ ನಾಳೆಯಿಂದ ಬದಲಾಯಿಸಬಹುದಾದ ಅಭ್ಯಾಸಗಳು. ಅಮ್ಮನ ಹಣ ಮಾತ್ರ ಈಗಲೇ ನಿನ್ನ ಮೇಲಿರುವ ಸಾಲ, ಅದರ ಜತೆಗೆ ಒಂದು ಸುಳ್ಳೂ ಇದೆ. ಮತ್ತಾಯ 5:23-24ರಲ್ಲಿ ಯೇಸು ಹೇಳುವ ಮಾತು ಗಾಯನ ಮಂಡಳಿಯಲ್ಲಿ ನಿಲ್ಲುವ ನಿನಗೆ ನೇರವಾಗಿ ಅನ್ವಯಿಸುತ್ತದೆ: ಕಾಣಿಕೆ ತಂದಾಗ ನಿನ್ನ ಮೇಲೆ ಯಾರಿಗಾದರೂ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ. ಅಂದರೆ ಮುಂದಿನ ಭಾನುವಾರದೊಳಗೆ.

ಎಷ್ಟು ಹಿಂದಿರುಗಿಸಬೇಕು ಎಂಬುದಕ್ಕೂ ಸತ್ಯವೇದದಲ್ಲಿ ಲೆಕ್ಕವಿದೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಅದರ ಐದನೇ ಒಂದು ಪಾಲನ್ನು ಮೇಲೆ ಸೇರಿಸಬೇಕು ಎಂದು ಯಾಜಕಕಾಂಡದ 6ನೇ ಅಧ್ಯಾಯ ಹೇಳುತ್ತದೆ. 300ಕ್ಕೆ 60 ಸೇರಿ 360 ರೂಪಾಯಿ. ಜಕ್ಕಾಯನು ಇನ್ನೂ ಮುಂದೆ ಹೋಗಿ ನಾಲ್ಕರಷ್ಟು ಕೊಡುತ್ತೇನೆ ಎಂದ. ಲೂಕನ 19ನೇ ಅಧ್ಯಾಯದಲ್ಲಿ ಗಮನಿಸಬೇಕಾದ್ದು ಬೇರೆ: ಯೇಸು ‘ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದದ್ದು ಮೊದಲು, ಜಕ್ಕಾಯನು ಹಣದ ಮಾತೆತ್ತಿದ್ದು ಆಮೇಲೆ. ಕ್ಷಮೆ ಕೊಳ್ಳಲು ಅವನು ಹಣ ಕೊಡಲಿಲ್ಲ. ಕರ್ತನು ಮನೆಗೆ ಬಂದಮೇಲೆ ಅವನಿಗೆ ಆ ಹಣವನ್ನು ಇಟ್ಟುಕೊಳ್ಳಲಾಗಲಿಲ್ಲ. ನಿನಗೆ ಈ ಐದನೇ ಒಂದು ಪಾಲು ಕಟ್ಟುಕಟ್ಟಳೆಯಲ್ಲ. ಆದರೂ ಕೊಡು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ತೆಗೆದಷ್ಟನ್ನೇ ಇಟ್ಟುಬಿಟ್ಟರೆ ಮನಸ್ಸು ಅದನ್ನು ಕೈಗಡ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಮುಂದಿನ ಸಲ ‘ಆಮೇಲೆ ಇಟ್ಟರಾಯಿತು’ ಎನ್ನುವುದು ಸುಲಭವಾಗುತ್ತದೆ.

ಹಣ ನಿನ್ನದೇ ಪಾಕೆಟ್ ಮನಿಯಿಂದ ಹೋಗಬೇಕು. ವಾರಕ್ಕೆ 40 ರೂಪಾಯಿಯಂತೆ ಒಂಬತ್ತು ವಾರದಲ್ಲಿ ಮುಗಿಯುತ್ತದೆ. ಹೇಳುವ ಹೊತ್ತು ಮುಖ್ಯ. ಅಮ್ಮ ಲೋಕಲ್ ಟ್ರೈನಿನಿಂದ ಇಳಿದು ಬಂದು ಬ್ಯಾಗ್ ಇಡುತ್ತಿರುವಾಗ ಬೇಡ, ಒಲೆಯ ಮುಂದೆ ನಿಂತಿರುವಾಗಲೂ ಬೇಡ. ಊಟವಾಗಿ ಪಾತ್ರೆ ಎದ್ದಮೇಲೆ ಹೇಳು: “ಅಮ್ಮಾ, ಟೆಸ್ಟ್ ಸೀರೀಸಿಗೆ ಅಂತ 300 ರೂಪಾಯಿ ಜಾಸ್ತಿ ಕೇಳಿದ್ದೆ. ಅದು ಸುಳ್ಳು. ಕೆಫೆಯಲ್ಲಿ ಖರ್ಚು ಮಾಡಿದೆ. ನನ್ನದು ತಪ್ಪಾಯ್ತು. ವಾರಕ್ಕೆ 40 ರೂಪಾಯಿ ನಿನ್ನ ಕೈಗೆ ಕೊಡ್ತೇನೆ.” ಇಷ್ಟೇ. ಇಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಆರನೇ ವಾಕ್ಯದಲ್ಲಿ, ‘ಆದ್ರೆ ಎಲ್ಲರೂ ಹೋಗ್ತಿದ್ರು, ನೀನು ಹಾಗೆ ಕೇಳಿದ್ರೆ ಕೊಡ್ತಿರಲಿಲ್ಲ’ ಎಂದು ಸೇರಿಸಿ. ಆ ‘ಆದ್ರೆ’ ಬಂದ ಕೂಡಲೇ ತಪ್ಪೊಪ್ಪಿಗೆ ಹೋಗಿ ಜಗಳ ಶುರುವಾಗುತ್ತದೆ. ಅಮ್ಮನಿಗೆ ಸಿಟ್ಟು ಬರುತ್ತದೆ, ಬರಲಿ. ಕೆಲವು ದಿನ ಕ್ಲಾಸಿಗೆ ಫೋನ್ ಮಾಡಿ ವಿಚಾರಿಸಬಹುದು, ರಸೀದಿ ಕೇಳಬಹುದು. ಕೇಳುವ ಮೊದಲೇ ರಸೀದಿ ತೋರಿಸು. ನೀನು ಕ್ಷಮೆ ಕೇಳಿದ ಗಳಿಗೆಯಲ್ಲೇ ಅಮ್ಮ ನಂಬಬೇಕು ಎಂದು ಕಾಯಬೇಡ. ಕ್ಷಮೆ ಅಂದೇ ಸಿಗಬಹುದು. ನಂಬಿಕೆ ಮರಳಲು ತಿಂಗಳುಗಳು ಬೇಕು, ಅದು ಅಮ್ಮನ ತಪ್ಪಲ್ಲ.

ಇನ್ನು ಪ್ರಾಕ್ಸಿ. ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯವನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದು. ಅದರ 21 ವಚನಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರಿಗೆ ಬೇಕಾದದ್ದು ಬಹಳ ಇದೆ. ಸೆರೆಯಾಗಿ ಬಾಬೆಲಿಗೆ ಹೋದ ದಾನಿಯೇಲ ಕಸ್ದೀಯರ ಭಾಷೆ, ಪಾಂಡಿತ್ಯ ಕಲಿಯಲು ಒಪ್ಪಿದ. ಅವರಿಟ್ಟ ಹೆಸರನ್ನೂ ತಾಳಿಕೊಂಡ. ಬೇಡ ಎಂದದ್ದು ಒಂದಕ್ಕೆ ಮಾತ್ರ, ರಾಜನ ಊಟ ಮತ್ತು ದ್ರಾಕ್ಷಾರಸಕ್ಕೆ. ತಟ್ಟೆ ಮುಂದೆ ಬಂದಾಗ ಯೋಚಿಸಿದ್ದಲ್ಲ, ಮೊದಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ. ಮೇಲಧಿಕಾರಿಯನ್ನು ಅಪ್ಪಣೆ ಕೇಳಿದ. ಅವನು ‘ನೀವು ಬಡಕಲಾದರೆ ರಾಜ ನನ್ನ ತಲೆ ತೆಗೆಯುತ್ತಾನೆ’ ಎಂದು ಹೆದರಿದಾಗ ದಾನಿಯೇಲ ಬೈಯಲಿಲ್ಲ, ಆ ಹೆದರಿಕೆಗೂ ದಾರಿ ಹುಡುಕಿದ. ಮೇಲ್ವಿಚಾರಕನ ಹತ್ತಿರ ಹೋಗಿ ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ತೋಚಿದಂತೆ ಮಾಡಿ ಎಂದ. ಗೆರೆ ಒಂದೇ, ನಿಶ್ಚಯ ಮೊದಲೇ, ಮಾತು ಮೃದು, ಬೇಡ ಎಂದಲ್ಲಿ ಬದಲಿಗೆ ಒಂದು ದಾರಿ.

ಇದನ್ನು ನಿನ್ನ ಕ್ಲಾಸ್‌ರೂಮಿಗೆ ತರೋಣ. ರೋಲ್ ನಂಬರ್ ಕೂಗುವ ಎರಡು ಸೆಕೆಂಡಿನಲ್ಲಿ ನಿರ್ಧಾರ ಮಾಡಲು ಹೋದರೆ ನೀನು ಸೋಲುತ್ತೀ. ಪಕ್ಕದವಳು ಮೊಣಕೈಯಿಂದ ತಿವಿಯುತ್ತಾಳೆ, ಬಾಯಿ ತಾನಾಗಿ ‘ಪ್ರೆಸೆಂಟ್’ ಎನ್ನುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಪ್ರತಿ ಗೆಳತಿಗೂ ಬೇರೆ ಬೇರೆಯಾಗಿ ಹೇಳು, ಗ್ರೂಪಿನಲ್ಲಿ ಬೇಡ. ಗ್ರೂಪಿನಲ್ಲಿ ಹಾಕಿದರೆ ಅದು ಪ್ರಕಟಣೆಯಂತೆ ಕಾಣುತ್ತದೆ, ಎಲ್ಲರ ಮುಂದೆ ಅವರಿಗೆ ಮುಖ ಉಳಿಸಿಕೊಳ್ಳಬೇಕಾಗುತ್ತದೆ, ನಗುವುದೊಂದೇ ದಾರಿ. ನೀವು ಮಾತಾಡುವುದು ಹಿಂದಿಯಲ್ಲಾದರೆ ಹಿಂದಿಯಲ್ಲೇ ವಾಕ್ಯ ಕಟ್ಟಿ ಬಾಯಿಪಾಠ ಮಾಡಿಕೋ: “ಪ್ರಾಕ್ಸಿ ನಹೀಂ ಲಗಾವೂಂಗೀ ಯಾರ್, ನೋಟ್ಸ್ ಸಬ್ ಭೇಜ್ ದೂಂಗೀ” (ಪ್ರಾಕ್ಸಿ ಹಾಕಲ್ಲ ಕಣೇ, ನೋಟ್ಸ್ ಎಲ್ಲ ಕಳಿಸ್ತೇನೆ). ಭಾನುವಾರ ಕೇಳಿದ ಕನ್ನಡದ ಪ್ರಸಂಗ ಎಷ್ಟೇ ಚೆನ್ನಾಗಿದ್ದರೂ ಆ ಬೆಂಚಿನ ಮೇಲೆ ತಕ್ಷಣ ಬಾಯಿಗೆ ಬರುವುದು ಅಭ್ಯಾಸವಾದ ಮಾತು ಮಾತ್ರ.

ಮತ್ತೆ, ಕಳಿಸುತ್ತೇನೆ ಎಂದ ನೋಟ್ಸನ್ನು ಅದೇ ದಿನ ರಾತ್ರಿಯೊಳಗೆ, ಓದಲು ಬರುವಂಥ ಫೋಟೋ ತೆಗೆದು ಕಳಿಸಲೇಬೇಕು. ಈ ಅರ್ಧ ತಪ್ಪಿದರೆ ನಿನ್ನ ನಿರಾಕರಣೆ ಬರೀ ಒಣ ಹಟವಾಗಿ ಕಾಣುತ್ತದೆ. ಗೆಳತಿ ಏಕೆ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದೂ ಕೇಳು. ಟ್ರೈನ್ ತಡವಾಗಿ ಮೊದಲ ಪೀರಿಯಡ್ ಹೋಗುತ್ತಿದ್ದರೆ ಟೀಚರ್ ಹತ್ತಿರ ಹೇಳಲು ನೀನೂ ಜತೆಗೆ ಹೋಗು. ಹಾಜರಿ 75 ಶೇಕಡಕ್ಕಿಂತ ಕೆಳಗಿಳಿದಮೇಲೆ ಓಡಾಡುವುದಕ್ಕಿಂತ ಅದು ಅವಳಿಗೆ ನಿಜವಾದ ಉಪಕಾರ. ಟೀಚರಿಗೆ ಹೆಸರು ಕೊಡಬೇಕೇ ಎಂದು ನಿನ್ನ ವಯಸ್ಸಿನವರು ಕೇಳುವುದುಂಟು. ಪ್ರಾಕ್ಸಿಯ ವಿಷಯದಲ್ಲಿ ನೀನಾಗಿ ಹೋಗಿ ಚಾಡಿ ಹೇಳಬೇಕಿಲ್ಲ. ನಿನ್ನನ್ನೇ ಕರೆದು ಕೇಳಿದರೆ ಸುಳ್ಳು ಹೇಳಬೇಡ. ಯಾರನ್ನಾದರೂ ಗುಂಪು ಕಟ್ಟಿ ಪೀಡಿಸುತ್ತಿದ್ದರೆ, ಹೊಡೆಯುತ್ತಿದ್ದರೆ ಮಾತು ಬೇರೆ. ಅಂದೇ ಹೋಗಿ ಹೇಳು.

ಜರ್ನಲ್ ವಿಷಯದಲ್ಲಿ ಮೊದಲು ಒಂದನ್ನು ಬಿಡಿಸಿಕೊಳ್ಳಬೇಕು. ಏಮ್, ಅಪರೇಟಸ್, ಥಿಯರಿ, ಪ್ರೊಸೀಜರ್ ಎಲ್ಲರದ್ದೂ ಒಂದೇ ಇರುತ್ತದೆ. ಅದನ್ನು ಪುಸ್ತಕ ನೋಡಿ ಬರೆಯುವುದರಲ್ಲಿ ಮೋಸವಿಲ್ಲ. ಅಬ್ಸರ್ವೇಶನ್ ಟೇಬಲ್ ಮಾತ್ರ ನಿನ್ನ ಸಾಕ್ಷಿ. ‘ನಾನು ಇದನ್ನು ಅಳೆದೆ’ ಎಂದು ಆ ಕೋಷ್ಟಕ ಹೇಳುತ್ತದೆ. ಅಲ್ಲಿ ಗೆಳತಿಯ ಅಂಕಿ ಇಳಿಸಿದರೆ ಸುಳ್ಳುಸಾಕ್ಷಿ. ಇದಕ್ಕಿಂತ ನವಿರಾದ ಇನ್ನೊಂದು ಮೋಸವಿದೆ, ಉತ್ತರ ಮೊದಲೇ ಗೊತ್ತಿರುವುದರಿಂದ ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸುವುದು.

ಸಿಂಪಲ್ ಪೆಂಡುಲಮ್ಮನ್ನೇ ತೆಗೆದುಕೋ. ಉದ್ದ 1 ಮೀಟರ್ ಇದ್ದರೆ 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ಬರಬೇಕು. ನಿನಗೆ 38 ಬಂತು ಎನ್ನು. ಗುರುತ್ವದ ಬೆಲೆ 9.8ರ ಬದಲು 10.9ರ ಹತ್ತಿರ ಹೋಗುತ್ತದೆ. ಗಾಬರಿಯಾಗಿ ಎಲ್ಲರೂ 38 ಅಳಿಸಿ 40 ಬರೆಯುತ್ತಾರೆ. ನಿಜವಾಗಿ ಆದದ್ದೇನು? ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಲು ಶುರುಮಾಡಿದ್ದೀ. 20 ಎಂದಾಗ ಆದದ್ದು 19 ಆಂದೋಲನ. ಲ್ಯಾಬಿನಲ್ಲಿ ಇದು ಬಹಳ ಸಾಮಾನ್ಯವಾದ ತಪ್ಪು. ಸಮಯವಿದ್ದರೆ ಮತ್ತೆ ಮಾಡು. ಇಲ್ಲದಿದ್ದರೆ 38 ಎಂದೇ ಬರೆದು, ಕೆಳಗೆ ತಪ್ಪು ಎಲ್ಲಿ ಬಂದಿರಬಹುದು ಎಂದು ಒಂದು ಸಾಲು ಬರೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಆ ಒಂದು ಸಾಲನ್ನು ವಿವರಿಸಬಲ್ಲವಳಿಗೆ ಪ್ರಯೋಗ ಅರ್ಥವಾಗಿದೆ ಎಂದು ಎದುರಿಗಿರುವವರಿಗೆ ಕೂಡಲೇ ತಿಳಿಯುತ್ತದೆ.

ಕಾಪಿ ಮಾಡುವ ಪರಿಸ್ಥಿತಿಯಾದರೂ ಏಕೆ ಬರುತ್ತದೆ? ಹೆಚ್ಚಿನ ಸಲ ದುರ್ಬುದ್ಧಿಯಿಂದಲ್ಲ, ಬಾಕಿ ಬಿದ್ದದ್ದರಿಂದ. ಹತ್ತು ಹನ್ನೆರಡು ಪ್ರಯೋಗ ಒಟ್ಟಾಗಿ ಸಬ್ಮಿಶನ್‌ನ ಹಿಂದಿನ ರಾತ್ರಿ ಮುಂದೆ ಬಂದು ನಿಂತಾಗ ದಾನಿಯೇಲನೂ ಒದ್ದಾಡುತ್ತಿದ್ದ. ಪ್ರ್ಯಾಕ್ಟಿಕಲ್ ಇದ್ದ ದಿನವೇ 40 ನಿಮಿಷ ಕೂತು ಫೇರ್ ಮಾಡು. ಆ ದಿನ ಗೈರಾಗಿದ್ದರೆ ಅದೇ ವಾರ ಲ್ಯಾಬ್ ಅಸಿಸ್ಟೆಂಟರನ್ನು ಕೇಳಿ ಬೇರೆ ಬ್ಯಾಚಿನ ಜತೆ ಮಾಡಿ ಮುಗಿಸು. ವಾರ ದಾಟಿದರೆ ಉಪಕರಣ ಎತ್ತಿಟ್ಟಿರುತ್ತಾರೆ. ಮುಂದಿನ ವರ್ಷ ಬೋರ್ಡಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ 70 ಅಂಕ ಥಿಯರಿಗೆ, 30 ಪ್ರ್ಯಾಕ್ಟಿಕಲ್‌ಗೆ. ಈ ವರ್ಷದ ಅಭ್ಯಾಸ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಕ್ರೈಸ್ತ ಗುಣ ಎಂದರೆ ‘ಮಾಡದೇ ಇರುವುದು’ ಮಾತ್ರ ಎಂದು ತಿಳಿದರೆ ಅರ್ಧವೇ ತಿಳಿದಂತೆ. ಗಲಾತ್ಯ 5:22-23ರಲ್ಲಿರುವ ಪ್ರೀತಿ, ದೀರ್ಘಶಾಂತಿ, ದಯೆ, ಉಪಕಾರ ಎಲ್ಲವೂ ಇನ್ನೊಬ್ಬ ಮನುಷ್ಯ ಎದುರಿಗಿದ್ದಾಗ ಮಾತ್ರ ತೋರುವಂಥವು. ಮುಂಬಯಿಯ ಮಕ್ಕಳಿಗೆ ಆ ಮನುಷ್ಯ ದಿನಾ ಎರಡು ಸಲ ಲೇಡೀಸ್ ಡಬ್ಬದಲ್ಲಿ ಸಿಗುತ್ತಾಳೆ. ಬೆಳಿಗ್ಗೆ ಡೊಂಬಿವಲಿಯಿಂದ ಹೊರಡುವ ಸ್ಲೋ ಲೋಕಲ್‌ನಲ್ಲಿ ನಿನಗೆ ಸೀಟ್ ಸಿಕ್ಕಿತು ಎನ್ನು. ಎದುರಿಗೆ ನಿಂತ ಹೆಂಗಸು ‘ಕಿಧರ್ ಉತರೋಗೀ?’ (ಎಲ್ಲಿ ಇಳೀತೀ?) ಎಂದು ಕೇಳುತ್ತಾಳೆ. ‘ಠಾಣೆ’ ಎನ್ನುತ್ತೀ. ಆ ಒಂದು ಮಾತಿಗೆ ಸೀಟು ಅವಳ ಹೆಸರಿಗಾಯಿತು, ಇಡೀ ಡಬ್ಬಕ್ಕೇ ಈ ನಿಯಮ ಗೊತ್ತು. ನಡುವಿನ ದಿವಾ ಸ್ಟೇಷನ್ನಿನಲ್ಲಿ, ಠಾಣೆ ದಾಟಿ ಮುಲುಂಡಿಗೆ ಹೋಗುವ ನಿನ್ನ ಗೆಳತಿ ಹತ್ತುತ್ತಾಳೆ, ಕಣ್ಣಲ್ಲೇ ಕೇಳುತ್ತಾಳೆ. ಏಳುವಾಗ ಸ್ವಲ್ಪ ಓರೆಯಾಗಿ ಎದ್ದರೆ ಗೆಳತಿ ಜಾರಿ ಕೂತುಬಿಡಬಹುದು, ಯಾರೂ ಏನೂ ಸಾಬೀತು ಮಾಡಲಾರರು. 15ನೇ ಕೀರ್ತನೆ ದೇವರ ಗುಡಾರದಲ್ಲಿ ಇಳಿದುಕೊಳ್ಳತಕ್ಕವರು ಯಾರು ಎಂದು ಕೇಳಿ, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವರು ಎಂದು ಉತ್ತರಿಸುತ್ತದೆ. ಕೇಳಿದ ಹೆಂಗಸನ್ನು ಕರೆದು, ಅವಳು ಕೂತಮೇಲೆ ನೀನು ಬಾಗಿಲ ಕಡೆ ಹೋಗು. ಆ ಕೀರ್ತನೆ ಐದೇ ವಚನ, ಬಾಯಿಪಾಠ ಮಾಡಿಕೊಳ್ಳಲು ತಕ್ಕದ್ದು. ಸೆಕೆಂಡ್ ಕ್ಲಾಸ್ ಪಾಸ್ ಇಟ್ಟುಕೊಂಡು ಫರ್ಸ್ಟ್ ಕ್ಲಾಸಿಗೆ ಹತ್ತುವುದೂ ಇದೇ ಜಾತಿಯದು. ಟಿಸಿ ಹಿಡಿದರೆ ಟಿಕೆಟ್ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ, ಹಿಡಿಯದಿದ್ದರೂ ತಪ್ಪು ತಪ್ಪೇ.

ಮನೆಯ ಸಿಡುಕಿಗೆ ಬರೋಣ. ಹೊರಗೆ ಸಭ್ಯಳಾಗಿದ್ದು ಮನೆಯಲ್ಲಿ ಸಿಡುಕುವುದು ನಿನ್ನೊಬ್ಬಳ ಕಥೆಯಲ್ಲ. ಯಾಕೋಬ 1:19 ಕೇಳುವುದರಲ್ಲಿ ತೀವ್ರತೆ, ಮಾತಿನಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎನ್ನುತ್ತದೆ. ಆದರೆ ರಾತ್ರಿ ಎಂಟೂವರೆಗೆ ಕ್ಲಾಸ್ ಮುಗಿಸಿ, ತುಂಬಿದ ಟ್ರೈನಿನಲ್ಲಿ ನಿಂತು, ಹಸಿದು ಬಂದವಳಿಗೆ ಬರೀ ವಚನ ಹೇಳಿದರೆ ಸಾಲದು. ದೇವರು ಎಲೀಯನನ್ನು ಹೇಗೆ ನೋಡಿಕೊಂಡನು ಎಂದು 1 ಅರಸುಗಳ 19ನೇ ಅಧ್ಯಾಯದಲ್ಲಿ ಓದು. ಸಾಯಬೇಕು ಎನ್ನುತ್ತಿದ್ದ ಪ್ರವಾದಿಗೆ ಮೊದಲು ಸಿಕ್ಕಿದ್ದು ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಮಾತುಕತೆ ಹೋರೇಬಿನಲ್ಲಿ, ಬಹಳ ದಿನದ ಮೇಲೆ. ನಿನ್ನ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆರು ಗಂಟೆ ಮಲಗಿ ದೀರ್ಘಶಾಂತಿಗಾಗಿ ಪ್ರಾರ್ಥಿಸುವ ಮಕ್ಕಳು ಎಷ್ಟೋ ಇದ್ದಾರೆ. ಪ್ರಾರ್ಥನೆ ಬಿಡಬೇಡ, ರಾತ್ರಿ ಹತ್ತೂವರೆಗೆ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗು. ಠಾಣೆಯಲ್ಲಿ ಟ್ರೈನ್ ಹತ್ತುವ ಮೊದಲು ಡಬ್ಬಿಯಲ್ಲಿ ಉಳಿಸಿದ ಒಂದು ಚಪಾತಿಯೋ ಬಾಳೆಹಣ್ಣೋ ತಿನ್ನು. ಮನೆಗೆ ಬಂದ ಮೊದಲ ಇಪ್ಪತ್ತು ನಿಮಿಷವೇ ಕಷ್ಟದ ಹೊತ್ತು. ಬಾಗಿಲಲ್ಲೇ ಅಮ್ಮ ‘ಮಾರ್ಕ್ಸ್ ಏನಾಯ್ತು?’ ಎಂದರೆ “ಹೇಳ್ತೇನಮ್ಮ, ಕೈಕಾಲು ತೊಳ್ಕೊಂಡು ಬರ್ತೇನೆ” ಎಂದು ಹೇಳಿ, ಬಂದು ನಿಜವಾಗಿಯೂ ಹೇಳು. ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಕಳೆದರೆ ಆ ಮಾತಿಗೆ ಬೆಲೆಯಿಲ್ಲ.

ಜತೆಗೆ ಮನೆಯ ಒಂದು ಕೆಲಸ ಪೂರ್ತಿ ನಿನ್ನದಾಗಲಿ. ಎಲ್ಲರ ಟಿಫಿನ್ ಡಬ್ಬಿ ರಾತ್ರಿಯೇ ತೊಳೆದಿಡುವುದೋ, ಬೆಳಿಗ್ಗೆ ನೀರು ಬಂದಾಗ ತುಂಬಿಸುವುದೋ. ಹೇಳಿಸಿಕೊಳ್ಳದೆ, ಪರೀಕ್ಷೆಯ ವಾರದಲ್ಲೂ ಬಿಡದೆ ಮಾಡು. ‘ಸಹಾಯ ಮಾಡುತ್ತೇನೆ’ ಎಂಬ ಮಾತು ಅಮ್ಮನಿಗೆ ಭಾರ ಇಳಿಸುವುದಿಲ್ಲ, ಏಕೆಂದರೆ ನೆನಪು ಮಾಡುವ ಕೆಲಸ ಅಮ್ಮನದೇ ಉಳಿಯುತ್ತದೆ. ಭಿನ್ನಾಭಿಪ್ರಾಯವಿದ್ದರೆ ಹೇಳಲೇಬಾರದು ಎಂದೇನಿಲ್ಲ. ಎಫೆಸ 6:1-4ರಲ್ಲಿ ಮಕ್ಕಳಿಗೆ ವಿಧೇಯತೆ ಹೇಳಿದ ಕೂಡಲೇ ತಂದೆಗಳಿಗೂ ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದಿದೆ. ಅಪ್ಪ ಅಮ್ಮ ಇಬ್ಬರೂ ಕೂತಿರುವಾಗ ಒಂದೇ ವಿಷಯ ಎತ್ತು. ಅವರು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ, ಆಮೇಲೆ ನಿನ್ನದು ಹೇಳು. ಇಲ್ಲ ಎಂದರೆ ಎರಡು ವಾರ ಅವರು ಹೇಳಿದಂತೆ ನಡೆದು ಮತ್ತೆ ಕೇಳು.

ಗೆಳತಿಯರ ನಗುವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಸಲ ಪ್ರಾಮಾಣಿಕವಾಗಿ ನೋಡಿಕೋ: ಅವರು ನಕ್ಕಿದ್ದು ನೀನು ಬೇಡ ಎಂದದ್ದಕ್ಕೋ, ಬೇಡ ಎಂದ ದನಿಗೋ? ದನಿಯಲ್ಲಿ ಮೇಲರಿಮೆ ಇದ್ದರೆ ಅದನ್ನು ತಿದ್ದಿಕೊಳ್ಳಬೇಕು. ಇಲ್ಲದಿದ್ದರೆ ನಗಲಿ, ಕೆಲವು ವಾರದಲ್ಲಿ ನಿಲ್ಲುತ್ತದೆ. 1 ಪೇತ್ರ 3:15-16 ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಎನ್ನುತ್ತದೆ. ಕೇಳಿದರೆ ಎರಡು ವಾಕ್ಯ ಸಾಕು. ಗಣಪತಿ ಹಬ್ಬದಲ್ಲಿ ಗೆಳತಿಯ ಮನೆಗೆ ಕರೆದಾಗಲೂ ಇದೇ ಸಾತ್ವಿಕತ್ವ ಬೇಕು. ಪ್ರಸಾದದ ವಿಷಯದಲ್ಲಿ ಎಲ್ಲ ಸಭೆಗಳ ರೂಢಿ ಒಂದೇ ಅಲ್ಲ. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥದ 8ರಿಂದ 10ನೇ ಅಧ್ಯಾಯಗಳನ್ನು ಅಪ್ಪ ಅಮ್ಮ, ಸಭಾಪಾಲಕರ ಜತೆ ಓದಿ ಹಬ್ಬಕ್ಕೆ ಮೊದಲೇ ತೀರ್ಮಾನ ಮಾಡಿಕೋ. ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನವಾದರೆ ಕೈಮುಗಿದು “ಕಾಕೂ, ನಾನು ಪ್ರಸಾದ ತೊಗೊಳಲ್ಲ, ನಿಮ್ಮ ಕೈಯ ಚಹಾ ಕೊಡಿ” ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಕೂತು ಮಾತಾಡಿ ಬಾ. ತೆಗೆದುಕೊಂಡು ಮೆಟ್ಟಿಲಿಳಿದಮೇಲೆ ಎಸೆಯುವುದು ಮಾತ್ರ ಖಂಡಿತ ಕೂಡದು. ಅದರಲ್ಲಿ ಮೋಸವೂ ಇದೆ, ಪ್ರೀತಿಯಿಂದ ಕೊಟ್ಟವರ ಅವಮಾನವೂ ಇದೆ.

ನೀನು ಕೇಳದ ಒಂದು ವಿಷಯ, ಫೋನು. ಗ್ರೂಪಿಗೆ ಯಾರದೋ ಖಾಸಗಿ ಚಿತ್ರ ಬಂದರೆ ಮುಂದಕ್ಕೆ ಕಳಿಸಬೇಡ, ತಮಾಷೆಗೂ ಬೇಡ. 18 ವರ್ಷದೊಳಗಿನವರ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ನಿನ್ನ ಚಿತ್ರ ಇಟ್ಟುಕೊಂಡು ಯಾರಾದರೂ ಹೆದರಿಸಿದರೆ ಅವರಿಗೆ ಹಣವನ್ನೂ ಇನ್ನೊಂದು ಚಿತ್ರವನ್ನೂ ಕೊಡದೆ ಕೂಡಲೇ ಮನೆಯವರಿಗೆ ಹೇಳು. ನೋಡಬಾರದ್ದನ್ನು ನೋಡುವ ಚಟ ಅಂಟಿದ್ದರೆ, ಹುಡುಗಿಯರಿಗೂ ಅಂಟುತ್ತದೆ, ಯೋಸೇಫನು ಆದಿಕಾಂಡ 39ರಲ್ಲಿ ಮಾಡಿದ್ದೇ ದಾರಿ. ಅವನು ವಾದ ಮಾಡುತ್ತ ನಿಲ್ಲಲಿಲ್ಲ, ಬಟ್ಟೆ ಬಿಟ್ಟು ಓಡಿದ. ರಾತ್ರಿ ಫೋನ್ ಹಾಲ್‌ನಲ್ಲಿರಲಿ ಎಂದದ್ದು ಇದಕ್ಕೂ ಹೌದು.

ಸತ್ಯವೇದದ ಓದು, ಪ್ರಾರ್ಥನೆ ಇಲ್ಲದೆ ಮೇಲಿನದ್ಯಾವುದೂ ಬಹಳ ದಿನ ನಿಲ್ಲದು. ದಿನಕ್ಕೆ 15 ನಿಮಿಷ ಸಾಕು: ಏಳೆಂಟು ನಿಮಿಷ ಓದು, ಎರಡು ನಿಮಿಷದಲ್ಲಿ ಇವತ್ತು ಮಾಡಬೇಕಾದ ಒಂದು ವಿಷಯ ಬರೆ, ಉಳಿದದ್ದು ಪ್ರಾರ್ಥನೆ. ಆದಿಕಾಂಡದಿಂದ ದಿನಕ್ಕೆ ಮೂರು ಅಧ್ಯಾಯದಂತೆ ಶುರುಮಾಡಿದವರು ಒಂದು ತಿಂಗಳಿಗೆ ಯಾಜಕಕಾಂಡದ ಬಾಗಿಲಿಗೆ ಬರುತ್ತಾರೆ, ಅಲ್ಲೇ ಬಹಳ ಮಂದಿ ನಿಂತುಬಿಡುತ್ತಾರೆ. ನೀನು ಮಾರ್ಕನ 16 ಅಧ್ಯಾಯ, ಆಮೇಲೆ ಯಾಕೋಬನ 5, ಫಿಲಿಪ್ಪಿಯ 4 ಓದು. 25 ದಿನವಾಗುತ್ತದೆ. ಆಮೇಲೆ ಜ್ಞಾನೋಕ್ತಿಗಳ 31 ಅಧ್ಯಾಯಗಳನ್ನು ತಾರೀಖಿಗೆ ಒಂದರಂತೆ ಓದು. ಕನ್ನಡ ಓದು ತಡವರಿಸಿದರೆ ನಾಚಬೇಕಿಲ್ಲ, ಮುಂಬಯಿಯಲ್ಲಿ ಬೆಳೆದ ಎಷ್ಟೋ ಮಕ್ಕಳ ಪಾಡು ಅದೇ. ವಾರದ ದಿನಗಳಲ್ಲಿ ಇಂಗ್ಲಿಷಿನಲ್ಲಿ ಓದಿ, ಶನಿವಾರ ಊರಿನ ಅಜ್ಜಿಗೆ ಫೋನ್ ಹಚ್ಚಿ ಒಂದು ಕೀರ್ತನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ತೋರಿಸು. 23ಕ್ಕೆ ಆರು ವಚನ, 121ಕ್ಕೆ ಎಂಟು. ತಪ್ಪಿದಲ್ಲಿ ಅಜ್ಜಿ ತಿದ್ದುತ್ತಾರೆ.

ಭಾನುವಾರದ ಟೆಸ್ಟ್ ಬಗ್ಗೆ ನನ್ನ ಅಭಿಪ್ರಾಯ ಇದು. ವರ್ಷಕ್ಕೊಮ್ಮೆ ಬರುವ ಪ್ರವೇಶ ಪರೀಕ್ಷೆ ಭಾನುವಾರ ಬಿದ್ದರೆ ಅದನ್ನು ನಂಬಿಕೆಯ ಪರೀಕ್ಷೆ ಮಾಡಿಕೊಳ್ಳಬೇಡ. ಮನುಷ್ಯರಿಗೋಸ್ಕರ ಸಬ್ಬತ್ ದಿನ ಉಂಟಾಯಿತು ಎಂದು ಯೇಸುವೇ ಹೇಳಿದ್ದಾನೆ. ಆದರೆ ವರ್ಷಪೂರ್ತಿ ಭಾನುವಾರ ಬೆಳಿಗ್ಗೆಗಳನ್ನೆಲ್ಲ ಕ್ಲಾಸಿಗೆ ಬಿಟ್ಟುಕೊಟ್ಟರೆ ಸಭೆಯೇ ಕೈಬಿಟ್ಟುಹೋಗುತ್ತದೆ. ಇಬ್ರಿಯ 10:25 ಎಚ್ಚರಿಸುವುದು ಆ ರೂಢಿಯ ಬಗ್ಗೆ. ಎಷ್ಟೋ ಕನ್ನಡ ಸಭೆಗಳು ಬೇರೆ ಭಾಷೆಯ ಸಭೆಗಳ ಜತೆ ಒಂದೇ ಕಟ್ಟಡ ಹಂಚಿಕೊಂಡಿರುವುದರಿಂದ ಆರಾಧನೆಯ ಹೊತ್ತು ಬದಲಿಸಲು ಬರುವುದಿಲ್ಲ. ಟೆಸ್ಟಿನ ಹೊತ್ತು ಬದಲಿಸಲು ಕೇಳಬಹುದು. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಈ ವಾರವೇ ಅಪ್ಪನ ಫೋನಿನಿಂದ ಕೋಆರ್ಡಿನೇಟರಿಗೆ ಬರೆಸು: ‘ನಮ್ಮ ಮಗಳಿಗೆ ಭಾನುವಾರ ಬೆಳಿಗ್ಗೆ ಚರ್ಚ್ ಇರುತ್ತದೆ. ಅದೇ ಪೇಪರನ್ನು ಭಾನುವಾರ ಸಂಜೆ ಅಥವಾ ಸೋಮವಾರ ಕ್ಲಾಸಿಗೆ ಒಂದು ಗಂಟೆ ಮೊದಲು ಬರೆಯಲು ಅವಕಾಶ ಕೊಡಿ. ಪೇಪರ್ ಮೊದಲೇ ನೋಡುವುದಿಲ್ಲ.’ ಆ ಕೊನೆಯ ಮಾತನ್ನು ಉಳಿಸಿಕೊಳ್ಳಲು ಭಾನುವಾರ ಮಧ್ಯಾಹ್ನ ಕ್ಲಾಸಿನ ಗ್ರೂಪ್ ತೆರೆಯಬಾರದು, ಪೇಪರಿನ ಫೋಟೋ ಅಲ್ಲಿ ಬಂದಿರುತ್ತದೆ. ಒಪ್ಪದಿದ್ದರೆ ತಿಂಗಳಿಗೆ ಎರಡಾದರೂ ಭಾನುವಾರ ಬಿಡಿಸಿಕೊಡಿ ಎಂದು ಕೇಳಿಸು. ಹಳಿ ಕೆಲಸಕ್ಕೆಂದು ಭಾನುವಾರ ಲೋಕಲ್ ಟ್ರೈನ್ ಕಡಿಮೆ ಮಾಡುವ ಮೆಗಾ ಬ್ಲಾಕ್ ಇದೆಯೇ ಎಂದು ಶನಿವಾರವೇ ನೋಡಿಕೊಳ್ಳಿ. ಸಾಮಾನ್ಯವಾಗಿ ಹಗಲು ಹನ್ನೊಂದರ ಹೊತ್ತಿಗೆ ಶುರುವಾಗುವುದರಿಂದ ಹೋಗುವಾಗ ಏನೂ ತಿಳಿಯುವುದಿಲ್ಲ, ವಾಪಸ್ ಬರುವಾಗ ಸಿಕ್ಕಿಬೀಳುತ್ತೀರಿ.

ಇದನ್ನೆಲ್ಲ ಒಬ್ಬಳೇ ಹೊರಬೇಡ. ಸಭೆಯಲ್ಲಿ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಾದ, ಕಾಲೇಜು ಮುಗಿಸಿದ ಒಬ್ಬ ಅಕ್ಕನನ್ನು ಹುಡುಕು. ಗಾಯನ ಮಂಡಳಿಯ ಪ್ರಾಕ್ಟೀಸ್ ಆದಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೂತು ಅವಳು ಮೂರು ಪ್ರಶ್ನೆ ಕೇಳಲಿ: ಪ್ರಾಕ್ಸಿ ಹಾಕಿದೆಯಾ, ಅಮ್ಮನಿಗೆ ವಾರವಾರದ 40 ರೂಪಾಯಿ ಕೊಟ್ಟೆಯಾ, ಏನು ಓದಿದೆ. ಬಿದ್ದದ್ದನ್ನು ಅವಳಿಗೆ ಹೇಳು, ಇನ್‌ಸ್ಟಾಗ್ರಾಮಿನಲ್ಲಿ ಬರೆಯಬೇಡ. ಆ ಅಕ್ಕ ನಿನ್ನ ಗುಟ್ಟು ಕಾಯುವವಳಾಗಿರಬೇಕು. ಆದರೆ ಎಂಥ ಗುಟ್ಟನ್ನೂ ಯಾರಿಗೂ ಹೇಳಬೇಡ ಎಂದು ಒತ್ತಾಯಿಸುವ ದೊಡ್ಡವರಿಂದ ದೂರವಿರು, ಅವರು ಸಭೆಯವರೇ ಆಗಿರಲಿ, ಕ್ಲಾಸಿನವರೇ ಆಗಿರಲಿ. ಯಾರಾದರೂ ಮೈಮುಟ್ಟಿ ಅಥವಾ ಬೆದರಿಸಿ ನೋಯಿಸಿದರೆ ‘ಏಳೆಪ್ಪತ್ತು ಸಾರಿ ಕ್ಷಮಿಸು’ ಎಂಬ ವಚನವನ್ನು ಮುಂದಿಟ್ಟು ಬಾಯಿ ಮುಚ್ಚಿಸಲು ಬಿಡಬೇಡ. ಕ್ಷಮಿಸುವುದಕ್ಕೂ ಅಪರಾಧ ಮುಚ್ಚಿಡುವುದಕ್ಕೂ ಸಂಬಂಧವಿಲ್ಲ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಅಪ್ಪ ಅಮ್ಮನಿಗೆ ಹೇಳು, ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ.